ಮೊಳೆಯದ ಬೀಜ, ಚಿಗುರುವ ಟೊಂಗೆ

ಮಕ್ಕಳೇ, ನಮ್ಮ ಕಡೆಯ ತೋಟದಲ್ಲಿ ಬೆಳೆದ ಅಂಜೂರದ ಹಣ್ಣೊಂದನ್ನು ಎರಡು ಹೋಳು ಮಾಡಿ ನೋಡಿ. ಒಳಗೆ ನೂರಾರು ಪುಟ್ಟ ಬೀಜಗಳು ಕಾಣುತ್ತವೆ. ಹಲ್ಲಿಗೆ ಸಿಕ್ಕರೆ ಕಟಕಟ ಎನ್ನುತ್ತವೆ. ಇಷ್ಟೊಂದು ಬೀಜವಿದ್ದರೆ ಒಂದೇ ಹಣ್ಣಿನಿಂದ ಒಂದು ತೋಟವನ್ನೇ ಎಬ್ಬಿಸಬಹುದಲ್ಲವೇ? ಆ ಬೀಜಗಳನ್ನು ತೊಳೆದು, ಕುಂಡದಲ್ಲಿ ಬಿತ್ತಿ, ದಿನವೂ ನೀರು ಚಿಮುಕಿಸಿ ಕಾಯಿರಿ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಒಂದು ಬೀಜವೂ ಮೊಳೆಯುವುದಿಲ್ಲ.

ಆದರೂ ಬಳ್ಳಾರಿ ಸೀಮೆಯಲ್ಲಿ ಅಂಜೂರದ ತೋಟಗಳಿವೆ. ಭಾರತದಲ್ಲಿ ಮಾರಾಟಕ್ಕಾಗಿ ಅಂಜೂರ ಬೆಳೆಯುವ ಪ್ರದೇಶಗಳು ಬಹಳವೇನೂ ಇಲ್ಲ. ಮಹಾರಾಷ್ಟ್ರದ ಪುಣೆಯ ಸುತ್ತಮುತ್ತಲಿನ ಪ್ರದೇಶ ಹೆಸರಾದದ್ದು. ನಮ್ಮ ಬಳ್ಳಾರಿಯೂ ಹಾಗೆಯೇ ಹೆಸರಾದದ್ದು. ತೋಟಗಾರಿಕೆಯ ಪುಸ್ತಕಗಳಲ್ಲಿ ‘ಪೂನಾ’ ಎಂಬ ತಳಿಯ ಪಕ್ಕದಲ್ಲಿ ‘ಬಳ್ಳಾರಿ’ ಎಂಬ ತಳಿಯ ಹೆಸರೂ ಇದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು – ಇಂಥ ಬಯಲುಸೀಮೆ ಅಂಜೂರಕ್ಕೆ ಚೆನ್ನಾಗಿ ಒಗ್ಗುತ್ತದೆ. ಹಾಗಾದರೆ ಬೀಜ ಮೊಳೆಯದ ಮೇಲೆ ಈ ತೋಟಗಳು ಎಲ್ಲಿಂದ ಬಂದವು?

ಟೊಂಗೆಯಿಂದ ಬಂದವು. ಒಂದು ಗಿಡದ ಟೊಂಗೆ ಕಡಿದು ನೆಟ್ಟರು. ಅದು ಬೆಳೆದ ಮೇಲೆ ಅದರ ಟೊಂಗೆ ಕಡಿದು ನೆಟ್ಟರು. ಹೀಗೆ ಕೈಯಿಂದ ಕೈಗೆ, ಹೊಲದಿಂದ ಹೊಲಕ್ಕೆ ದಾಟಿ ಬಂದಿದೆ ನಮ್ಮ ಅಂಜೂರ. ಬೀಜದ ನೆರವಿಲ್ಲದೆ, ಗಿಡದ ಬೇರು, ಕಾಂಡ, ಎಲೆ ಇಂಥ ಭಾಗದಿಂದಲೇ ಹೊಸ ಗಿಡ ಹುಟ್ಟುವುದಕ್ಕೆ ಕಾಯಜ ಸಂತಾನೋತ್ಪತ್ತಿ ಎಂದು ಹೆಸರು.

ಹಣ್ಣಿನೊಳಗೆ ಅಡಗಿದ ಹೂವು

ಅಂಜೂರದ ಬೀಜ ಏಕೆ ಮೊಳೆಯುವುದಿಲ್ಲ ಎಂಬುದು ಸೊಗಸಾದ ಕಥೆ. ಅಂಜೂರ, ಅತ್ತಿ, ಆಲ, ಅರಳಿ, ಬಸರಿ ಇವೆಲ್ಲ ಒಂದೇ ಬಳಗದ ಮರಗಳು. ಇವು ಹೂ ಬಿಟ್ಟದ್ದನ್ನು ಯಾರೂ ನೋಡಿಲ್ಲ ಎನ್ನುತ್ತಾರೆ. ನೋಡುವುದು ಹೇಗೆ? ಹೂಗಳೆಲ್ಲ ಕಾಯಿಯಂಥ ಒಂದು ಚೀಲದೊಳಗೆ ಅಡಗಿರುತ್ತವೆ. ನಾವು ಹಣ್ಣು ಎಂದು ಕರೆಯುವುದು ಈ ಹೂಚೀಲವನ್ನೇ.

ಅತ್ತಿಹಣ್ಣನ್ನು ಬಿಡಿಸಿದವರಿಗೆ ಒಳಗೆ ಸಣ್ಣ ಹುಳಗಳು ಹರಿದಾಡುವುದು ಗೊತ್ತು. ಅವು ಕೊಳೆತ ಹಣ್ಣಿನ ಹುಳಗಳಲ್ಲ. ಅವು ಒಂದು ಜಾತಿಯ ಕಣಜಗಳು, ಎರಡು ಮಿಲಿಮೀಟರಿನಷ್ಟು ಚಿಕ್ಕವು. ಚೀಲದ ತುದಿಯ ಕಿರುದ್ವಾರದಿಂದ ಒಳಗೆ ನುಗ್ಗಿ, ಮೊಟ್ಟೆ ಇಡುವಾಗ ಮೈಗೆ ಅಂಟಿದ ಪರಾಗವನ್ನು ಹೂಗಳಿಗೆ ತಲುಪಿಸುತ್ತವೆ. ಆಗ ಬೀಜ ಕಟ್ಟುತ್ತದೆ. ವಿಶೇಷವೆಂದರೆ ಈ ಬಳಗದ ಒಂದೊಂದು ಮರಕ್ಕೂ ಸಾಮಾನ್ಯವಾಗಿ ಅದರದೇ ಕಣಜ ಇರುತ್ತದೆ. ಅತ್ತಿಯ ಕಣಜ ಅಂಜೂರದ ಕೆಲಸಕ್ಕೆ ಬಾರದು.

ಅಂಜೂರದ ಕಣಜ ನಮ್ಮ ಬಳ್ಳಾರಿಯಲ್ಲಿಲ್ಲ. ಬೇರೆ ಮರವಾಗಿದ್ದರೆ ಪರಾಗ ತಲುಪದ ಕಾಯಿಗಳು ಉದುರಿಹೋಗುತ್ತಿದ್ದವು. ಆದರೆ ನಾವು ಬೆಳೆಯುವ ಅಂಜೂರದ ತಳಿ ಪರಾಗವಿಲ್ಲದೆಯೂ ಹಣ್ಣಾಗುತ್ತದೆ. ಬೀಜದ ಗಟ್ಟಿ ಚಿಪ್ಪೂ ಬೆಳೆಯುತ್ತದೆ. ಚಿಪ್ಪಿನೊಳಗೆ ಭ್ರೂಣ ಮಾತ್ರ ಇರುವುದಿಲ್ಲ. ಮನೆ ಕಟ್ಟಿದ್ದಾರೆ, ಒಳಗೆ ಮಂದಿ ಇಲ್ಲ ಎಂದ ಹಾಗೆ! (ಅಂಗಡಿಯಲ್ಲಿ ಸಿಗುವ ಒಣ ಅಂಜೂರದ ಬೀಜ ಬಿತ್ತಿದರೆ ಕೆಲವೊಮ್ಮೆ ಮೊಳೆಯುತ್ತದೆ. ಅದು ಟರ್ಕಿಯಂಥ, ಆ ಕಣಜ ಇರುವ ದೇಶಗಳಿಂದ ಬಂದ ಹಣ್ಣಾಗಿರುತ್ತದೆ.)

ಹೀಗೆ ಮೊಳೆಯುವ ಬೀಜವಿಲ್ಲದ ಅಂಜೂರವನ್ನು ಮನುಷ್ಯ ಎಂದಿನಿಂದ ಬೆಳೆಯುತ್ತಿದ್ದಾನೆ? ಜೋರ್ಡಾನ್ ನದಿ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಟ್ಟು ಕರಿಕಾದ ಅಂಜೂರದ ಹಣ್ಣುಗಳು ಸಿಕ್ಕವು. ಅವು ಸುಮಾರು 11,400 ವರ್ಷ ಹಳೆಯವು, ಅವುಗಳ ಬೀಜದಲ್ಲಿ ಭ್ರೂಣವಿಲ್ಲ, ಆದ್ದರಿಂದ ಅಂದಿನ ಜನ ಟೊಂಗೆ ನೆಟ್ಟೇ ಬೆಳೆಸಿರಬೇಕು ಎಂದು ವಿಜ್ಞಾನಿಗಳು 2006ರಲ್ಲಿ ವಾದಿಸಿದರು. ಕಾಡಿನಲ್ಲೂ ಅಂಥ ಮರ ಇರಬಹುದಲ್ಲ ಎಂದು ಬೇರೆ ವಿಜ್ಞಾನಿಗಳು ಪ್ರಶ್ನಿಸಿದ್ದಾರೆ. ಮೊದಲ ಗುಂಪಿನವರ ಮಾತು ನಿಜವಾಗಿದ್ದರೆ, ಗೋಧಿ ಬಿತ್ತುವುದನ್ನು ಕಲಿಯುವ ಮೊದಲೇ ಮನುಷ್ಯ ಟೊಂಗೆ ನೆಡುವುದನ್ನು ಕಲಿತಿದ್ದ!

ಕಡ್ಡಿಗೆ ಬೇರು ಬರುವುದು ಹೇಗೆ?

ಕುರಿಯ ಬಾಲ ಕತ್ತರಿಸಿ ನೆಟ್ಟರೆ ಕುರಿ ಬೆಳೆಯುವುದೇ? ಇಲ್ಲ. ಆದರೆ ಅಂಜೂರದ ಟೊಂಗೆ ನೆಟ್ಟರೆ ಅಂಜೂರದ ಗಿಡ ಬೆಳೆಯುತ್ತದೆ. ಈ ವ್ಯತ್ಯಾಸ ಏಕೆ?

ಪ್ರಾಣಿಯ ದೇಹದಲ್ಲಿ ಚರ್ಮದ ಕೋಶ ಚರ್ಮದ ಕೆಲಸವನ್ನೇ ಮಾಡುತ್ತದೆ, ಸ್ನಾಯುವಿನ ಕೋಶ ಸ್ನಾಯುವಿನ ಕೆಲಸವನ್ನೇ ಮಾಡುತ್ತದೆ. ಗಿಡದಲ್ಲಿ ಹಾಗಲ್ಲ. ಕುಡಿಯ ತುದಿಯಲ್ಲಿ, ಎಲೆಯ ಕಂಕುಳಿನ ಮೊಗ್ಗಿನಲ್ಲಿ, ಬೇರಿನ ತುದಿಯಲ್ಲಿ ಸದಾ ವಿಭಜನೆಯಾಗುವ ಎಳೆಯ ಕೋಶಗಳಿರುತ್ತವೆ. ಇವಕ್ಕೆ ವರ್ಧನ ಅಂಗಾಂಶ ಎನ್ನುತ್ತಾರೆ. ಹಸಿ ಟೊಂಗೆಯ ತೊಗಟೆ ಸುಲಿದಾಗ ಒಳಗಿನ ಕಟ್ಟಿಗೆಯ ಮೇಲೆ ಬೆರಳಾಡಿಸಿ ನೋಡಿದ್ದೀರಾ? ಲೋಳೆಯಂತೆ ಜಾರುತ್ತದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಅಲ್ಲಿ ಕ್ಯಾಂಬಿಯಂ ಎಂಬ ತೆಳುಪದರವಿದೆ. ಕಾಂಡ ವರ್ಷ ವರ್ಷ ದಪ್ಪವಾಗುವುದು ಈ ಪದರದ ಕೋಶಗಳಿಂದ. ಟೊಂಗೆ ಕಡಿದಾಗ ಗಾಯದ ಬಳಿ ಈ ಭಾಗದ ಕೋಶಗಳು ಬೇಗ ಬೇಗ ವಿಭಜನೆಯಾಗುತ್ತವೆ. ಕೆಲವು ಗಾಯ ಮುಚ್ಚುತ್ತವೆ, ಕೆಲವು ಬೇರಾಗಿ ತೊಗಟೆ ಸೀಳಿ ಹೊರಬರುತ್ತವೆ.

ಆದರೆ ಬೇರು ಕೆಳತುದಿಯಲ್ಲೇ ಬರಬೇಕೆಂದು ಕಡ್ಡಿಗೆ ಹೇಳಿದವರಾರು? ಆಕ್ಸಿನ್ ಎಂಬ ಹಾರ್ಮೋನು. ಇದು ಮುಖ್ಯವಾಗಿ ಎಳೆಯ ಕುಡಿಗಳಲ್ಲಿ ತಯಾರಾಗಿ ಕಾಂಡದಲ್ಲಿ ಕುಡಿಯಿಂದ ಬುಡದ ಕಡೆಗೆ ಸಾಗುತ್ತದೆ. ಕಡಿದ ಕಡ್ಡಿಯಲ್ಲಿ ಮುಂದೆ ಹೋಗಲು ದಾರಿಯಿಲ್ಲದೆ ಕೆಳತುದಿಯಲ್ಲಿ ಸೇರಿಕೊಳ್ಳುತ್ತದೆ. ಆಕ್ಸಿನ್ ಹೆಚ್ಚಾದಲ್ಲಿ ಬೇರು ಹುಟ್ಟುತ್ತದೆ. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೂ ಅದು ತನ್ನ ಬುಡ ಯಾವುದು, ತಲೆ ಯಾವುದು ಎಂಬುದನ್ನು ಮರೆಯುವುದಿಲ್ಲ! ನರ್ಸರಿಯಲ್ಲಿ ಕಡ್ಡಿಯ ಬುಡಕ್ಕೆ ಹಚ್ಚುವ ಬೇರಿನ ಪುಡಿಯಲ್ಲಿ ಇರುವುದೂ ಆಕ್ಸಿನ್ ಗುಂಪಿನ ರಾಸಾಯನಿಕವೇ.

ಎಲ್ಲ ಮರಗಳೂ ಒಂದೇ ರೀತಿ ಒಲಿಯುವುದಿಲ್ಲ. ಅಂಜೂರ, ಆಲ, ನುಗ್ಗೆ, ಗ್ಲಿರಿಸೀಡಿಯಾ ಇವು ಕೇಳಿದ ಕೂಡಲೇ ಬೇರು ಬಿಡುವ ಉದಾರಿಗಳು. ಬೇವು, ಹುಣಸೆ ಜಿಪುಣರು. ಅದರಲ್ಲೂ ವಯಸ್ಸಾದ ಮರದ ಟೊಂಗೆಗೆ ಬೇರು ಬರಿಸುವುದು ಕಷ್ಟ. ಅದೇ ಜಾತಿಯ ಎಳೆಯ ಗಿಡದ ಟೊಂಗೆ ಬೇಗ ಬೇರು ಬಿಡುತ್ತದೆ. ಇದೊಂದು ಪೇಚಿನ ಸಂಗತಿ. ಮರ ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಅದು ಬೆಳೆದು ಕಾಯಿ ಬಿಡುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಅದರ ಟೊಂಗೆ ಬೇರು ಬಿಡುವ ಗುಣವನ್ನು ಕಳೆದುಕೊಂಡಿರುತ್ತದೆ! ಹುಣಸೆಗೆ ಕಸಿ ಕಟ್ಟುವುದು ಈ ಕಾರಣಕ್ಕೆ.

ಅಂಜೂರದ ಕಡ್ಡಿ ಮಾಡುವ ಕ್ರಮ ಹೀಗಿದೆ. ಹಿಂದಿನ ವರ್ಷ ಬೆಳೆದು ಬಲಿತ, ಪೆನ್ಸಿಲಿಗಿಂತ ತುಸು ದಪ್ಪನೆಯ ಟೊಂಗೆ ಆರಿಸುತ್ತಾರೆ. ಒಂದು ಗೇಣು ಉದ್ದ, ಮೂರು ನಾಲ್ಕು ಗೆಣ್ಣು ಇರಬೇಕು. ಬುಡವನ್ನು ಗೆಣ್ಣಿನ ಕೆಳಗೆ ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿದರೆ ಮುಂದೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲ ಬರುವುದಿಲ್ಲ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮುಕ್ಕಾಲು ಭಾಗ ಹೂತು ನೆರಳಿನಲ್ಲಿಡುತ್ತಾರೆ. ಚೀಲದ ತಳದಲ್ಲಿ ತೂತು ಇರಲೇಬೇಕು. ನೀರು ನಿಂತರೆ ಕಡ್ಡಿ ಕೊಳೆಯುತ್ತದೆ. ಒಂದು ಎಚ್ಚರಿಕೆ: ಅಂಜೂರದ ಹಾಲು ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳಬಹುದು. ಹಾಲು ತಾಗಿದರೆ ತಕ್ಷಣ ಸೋಪಿನಿಂದ ತೊಳೆಯಬೇಕು, ಕಣ್ಣಿಗಂತೂ ತಾಗಬಾರದು.

ಎರಡು ಮೂರು ವಾರದಲ್ಲಿ ಚಿಗುರು ಕಾಣುತ್ತದೆ. ಎಲ್ಲರೂ ಹಿಗ್ಗುತ್ತಾರೆ. ಆದರೆ ಚಿಗುರು ಬಂತೆಂದರೆ ಬೇರು ಬಂತೆಂದು ಅರ್ಥವಲ್ಲ. ಕಡ್ಡಿಯೊಳಗೆ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಎಲೆ ಮೊದಲು ಬರುತ್ತದೆ. ಆ ಗಂಟು ಮುಗಿಯುವುದರೊಳಗೆ ಬೇರು ಬಂದರೆ ಗಿಡ ಉಳಿಯಿತು, ಇಲ್ಲದಿದ್ದರೆ ಚಿಗುರು ಬಾಡಿತು. ಬೇರು ಬಂದಿದೆಯೇ ಎಂದು ಕಡ್ಡಿಯನ್ನು ಎಳೆದೆಳೆದು ನೋಡುವ ಹುಡುಗರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಬಂದ ಬೇರು ಅವರಿಂದಲೇ ಕಿತ್ತುಹೋಗುತ್ತದೆ!

ಮಗಳಲ್ಲ, ತಾಯಿಯೇ

ಬೀಜದಿಂದ ಬಂದ ಗಿಡಕ್ಕೆ ತಂದೆಯ ಗುಣ ಅರ್ಧ, ತಾಯಿಯ ಗುಣ ಅರ್ಧ. ನೀವೂ ನಿಮ್ಮ ಅಕ್ಕ ತಮ್ಮಂದಿರೂ ಒಂದೇ ಮನೆಯವರಾದರೂ ಒಬ್ಬರಂತೆ ಒಬ್ಬರಿಲ್ಲ. ಸಿಹಿ ಹುಣಸೆಯ ಬೀಜ ಬಿತ್ತಿದರೆ ಸಿಹಿ ಹುಣಸೆಯೇ ಬರುವುದೆಂದು ಹೇಳಲಾಗದು. ಕಡ್ಡಿಯಿಂದ ಬಂದ ಗಿಡವಾದರೋ ತಾಯಿಗಿಡದ ಪಡಿಯಚ್ಚು. ಸರಿಯಾಗಿ ನೋಡಿದರೆ ಅದು ಮಗಳೇ ಅಲ್ಲ. ಅದೇ ಗಿಡ ಇನ್ನೊಂದು ಜಾಗದಲ್ಲಿ ಮುಂದುವರಿದಿದೆ, ಅಷ್ಟೆ.

ಈ ಗುಣವನ್ನು ನಮ್ಮ ಹಿರಿಯರು ಚೆನ್ನಾಗಿ ಬಳಸಿಕೊಂಡರು. ಸಾಲುಮರಕ್ಕೆ ಆಲದ ದಪ್ಪ ಕೊಂಬೆಯನ್ನೇ ನೆಡುವ ಪದ್ಧತಿ ಇತ್ತು. ದನ ಕುರಿಗಳ ಬಾಯಿಗೆ ಸಿಗದಷ್ಟು ಎತ್ತರದ ಕೊಂಬೆ ನೆಟ್ಟರೆ ಕಾವಲಿನ ಖರ್ಚು ಉಳಿಯುತ್ತಿತ್ತು. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಬೆಳೆಸಿದ ಆಲದ ಮರಗಳೂ ಊರ ಸುತ್ತಲಿನ ಆಲದ ಮರಗಳಿಂದ ಮಾಡಿಕೊಂಡ ಸಸಿಗಳೇ. ದೂರದಿಂದ ನೀರು ಹೊತ್ತು ಹಾಕಿ ಅವುಗಳನ್ನು ಉಳಿಸಿದರು.

ಪಡಿಯಚ್ಚಿಗೆ ಒಂದು ಅಪಾಯವೂ ಇದೆ. ತಾಯಿಯ ಒಳ್ಳೆಯ ಗುಣದ ಜೊತೆಗೆ ತಾಯಿಯ ರೋಗವೂ ಬರುತ್ತದೆ. ಅಂಜೂರದ ಎಲೆಯ ಮೇಲೆ ಹಳದಿ ಮಚ್ಚೆ ಮೂಡಿಸುವ ಮೊಸಾಯಿಕ್ ವೈರಸ್ ಕಡ್ಡಿಯ ಮೂಲಕವೇ ಹೊಸ ತೋಟಕ್ಕೆ ಹೋಗುತ್ತದೆ. ಇದಕ್ಕಿಂತ ದೊಡ್ಡ ಪಾಠ ದಾಳಿಂಬೆಯದು. ನಮ್ಮ ಒಣಭೂಮಿಯ ರೈತರಿಗೆ ಕಡಿಮೆ ನೀರಿನಲ್ಲಿ ಒಳ್ಳೆಯ ಆದಾಯ ಕೊಡುವ ಬೆಳೆ ದಾಳಿಂಬೆ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ಎಂಬ ರೋಗ ಉತ್ತರ ಕರ್ನಾಟಕದ ದಾಳಿಂಬೆ ತೋಟಗಳಿಗೆ ಬಿದ್ದಿತು. ಎಲೆಯ ಮೇಲೆ ಕಪ್ಪು ಚುಕ್ಕೆ, ಹಣ್ಣಿನ ಮೇಲೆ ಎಣ್ಣೆ ಬಿದ್ದಂಥ ಕಲೆ, ಕೊನೆಗೆ ಹಣ್ಣು ಸೀಳುವುದು. ಸಾಲ ಮಾಡಿ ತೋಟ ಹಾಕಿದ್ದ ಎಷ್ಟೋ ರೈತರು ಗಿಡಗಳನ್ನು ಬೇರುಸಹಿತ ಕಿತ್ತುಹಾಕಬೇಕಾಯಿತು. ದಾಳಿಂಬೆಯ ಸಸಿಗಳನ್ನು ಹೆಚ್ಚಾಗಿ ಗೂಟಿ ಕಟ್ಟಿ ಮಾಡುತ್ತಿದ್ದರು. ಅಂದರೆ ಗಿಡದ ಮೇಲಿರುವ ಟೊಂಗೆಯ ತೊಗಟೆಯನ್ನು ಉಂಗುರದಂತೆ ಸುಲಿದು, ತೇವದ ಪಾಚಿ ಸುತ್ತಿ, ಅಲ್ಲೇ ಬೇರು ಬರಿಸಿ, ಆಮೇಲೆ ಕತ್ತರಿಸಿಕೊಳ್ಳುವುದು. ತಾಯಿಗಿಡದಲ್ಲಿ ದುಂಡಾಣು ಇದ್ದರೆ ಸಸಿಯ ಜೊತೆ ಅದೂ ಪಯಣ ಮಾಡುತ್ತಿತ್ತು. ಕಣ್ಣಿಗೆ ಸಸಿ ಹಸಿರಾಗಿಯೇ ಕಾಣುತ್ತಿತ್ತು!

ಬಾಟಲಿಯೊಳಗಿನ ಗಿಡ

ತಾಯಿಯ ಗುಣ ಬೇಕು, ಆದರೆ ತಾಯಿಯ ರೋಗ ಬೇಡ. ಇದು ಸಾಧ್ಯವೇ? ಇಲ್ಲಿಂದ ಅಂಗಾಂಶ ಕೃಷಿಯ ಕಥೆ ಆರಂಭವಾಗುತ್ತದೆ. ನಿಮ್ಮ ಮನೆಯವರು ‘ಟಿಶ್ಯೂ ಬಾಳೆ’, ‘ಟಿಶ್ಯೂ ದಾಳಿಂಬೆ’ ಎನ್ನುವುದು ಇದನ್ನೇ.

1902ರಲ್ಲಿ ಹೇಬರ್‌ಲಾಂಟ್ ಎಂಬ ಆಸ್ಟ್ರಿಯಾದ ವಿಜ್ಞಾನಿ, ಗಿಡದ ಒಂದೇ ಒಂದು ಕೋಶದಿಂದ ಇಡೀ ಗಿಡ ಬೆಳೆಯಬಲ್ಲದು ಎಂದು ಊಹಿಸಿದರು. ಅವರ ಕೈಯಲ್ಲಿ ಅದು ಆಗಲಿಲ್ಲ. ಕೋಶಗಳು ಕೆಲವು ದಿನ ಬದುಕಿದವು, ವಿಭಜನೆಯಾಗಲಿಲ್ಲ. 1958ರಲ್ಲಿ ಗಜ್ಜರಿಯ ಕೋಶಗಳಿಂದ ಭ್ರೂಣದಂಥ ರಚನೆಗಳನ್ನು ಬೆಳೆಸಿದಾಗ ಆ ಊಹೆಗೆ ಬಲ ಬಂತು. ನಡುವೆ 56 ವರ್ಷ! 1957ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದ ಮೇಲೆ ಪ್ರಯೋಗ ಮಾಡಿ ಒಂದು ಕೀಲಿಕೈಯನ್ನು ಕಂಡುಹಿಡಿದಿದ್ದರು. ಆಕ್ಸಿನ್ ಹೆಚ್ಚು ಹಾಕಿದರೆ ಬೇರು, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚು ಹಾಕಿದರೆ ಚಿಗುರು, ಎರಡೂ ಹದವಾಗಿದ್ದರೆ ಆಕಾರವಿಲ್ಲದ ಕೋಶಗಳ ಮುದ್ದೆ. ಈ ಮುದ್ದೆಗೆ ಕ್ಯಾಲಸ್ ಎನ್ನುತ್ತಾರೆ.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ? ರೋಗವಿಲ್ಲದ, ಚೆನ್ನಾಗಿ ಕಾಯಿ ಬಿಡುವ ತಾಯಿಗಿಡವನ್ನು ಪರೀಕ್ಷಿಸಿ ಆರಿಸುತ್ತಾರೆ. ಅದರ ಕುಡಿ ಅಥವಾ ಮೊಗ್ಗಿನ ಪುಟ್ಟ ತುಂಡನ್ನು ತೆಗೆದು ಔಷಧದ ನೀರಿನಲ್ಲಿ ತೊಳೆಯುತ್ತಾರೆ. ಲವಣಗಳು, ಸಕ್ಕರೆ, ಜೀವಸತ್ವ, ಹಾರ್ಮೋನು ಕರಗಿಸಿ, ಕಡಲಕಳೆಯಿಂದ ತೆಗೆದ ಅಗಾರ್ ಬೆರೆಸಿ ಗಟ್ಟಿ ಮಾಡಿದ ಆಹಾರದ ಮೇಲೆ ಅದನ್ನು ಇಡುತ್ತಾರೆ. ಇಂದಿಗೂ ಬಹಳ ಕಡೆ ಬಳಸುವ ಆಹಾರದ ಅಳತೆಯನ್ನು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಗೊತ್ತುಮಾಡಿದರು.

ಸಕ್ಕರೆ ಏಕೆ? ಬಾಟಲಿಯೊಳಗಿನ ತುಂಡು ತನಗೆ ಬೇಕಾದಷ್ಟು ಆಹಾರ ತಯಾರಿಸಿಕೊಳ್ಳಲಾರದು. ಆದರೆ ಸಕ್ಕರೆ ಇದ್ದಲ್ಲಿಗೆ ಬೂಷ್ಟು ಬರುತ್ತದೆ. ಉಳಿದ ಅನ್ನಕ್ಕೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುವುದನ್ನು ನೋಡಿದ್ದೀರಿ. ಅದಕ್ಕಾಗಿ ಆಹಾರದ ಬಾಟಲಿಗಳನ್ನು ದೊಡ್ಡ ಪ್ರೆಷರ್ ಕುಕ್ಕರಿನಂಥ ಯಂತ್ರದಲ್ಲಿಟ್ಟು 121 ಡಿಗ್ರಿ ಬಿಸಿಯಲ್ಲಿ ಸುಮಾರು 15 ನಿಮಿಷ ಬೇಯಿಸುತ್ತಾರೆ. ಸೋಸಿದ ಗಾಳಿ ಬೀಸುವ ಪೆಟ್ಟಿಗೆಯ ಮುಂದೆ ಕುಳಿತು, ಚಾಕು ಚಿಮುಟವನ್ನು ಬೆಂಕಿಗೆ ಹಿಡಿದು, ಕೆಲಸ ಮಾಡುತ್ತಾರೆ. ಒಂದು ಬಾಟಲಿಗೆ ಬೂಷ್ಟು ಬಂದರೆ ಅದನ್ನು ಎಸೆಯುವುದೇ ಸರಿ.

ಈಗ ಒಂದು ಲೆಕ್ಕ. ಒಂದು ಚಿಗುರು ತಿಂಗಳಿಗೆ ಮೂರು ಚಿಗುರಾಗುತ್ತದೆ, ಪ್ರತಿಯೊಂದನ್ನೂ ಬೇರೆ ಮಾಡಿ ಇಟ್ಟರೆ ಮತ್ತೆ ಮೂರು ಮೂರಾಗುತ್ತವೆ ಎಂದುಕೊಳ್ಳಿ. ಆರು ತಿಂಗಳಿಗೆ ಎಷ್ಟು? 729! ಹನ್ನೆರಡು ತಿಂಗಳ ಲೆಕ್ಕವನ್ನು ನೀವೇ ಮಾಡಿ. ನಿಜವಾಗಿ ಅಷ್ಟು ಸಿಗುವುದಿಲ್ಲ, ಕೆಲವು ಸಾಯುತ್ತವೆ. ಮೇಲಾಗಿ ಹೀಗೆ ಬಹಳ ಸಲ ಒಡೆಯುತ್ತಾ ಹೋದರೆ ಗುಣ ಬದಲಾದ ಗಿಡಗಳು ನಡುವೆ ಸೇರಿಕೊಳ್ಳುತ್ತವೆ. ಆದ್ದರಿಂದ ಒಳ್ಳೆಯ ಪ್ರಯೋಗಾಲಯಗಳು ಇಷ್ಟೇ ಸಲ ಎಂದು ಮಿತಿ ಇಟ್ಟುಕೊಂಡು ಹೊಸ ಕುಡಿಯಿಂದ ಮತ್ತೆ ಆರಂಭಿಸುತ್ತವೆ.

ಮರಗಳ ವಿಷಯದಲ್ಲಿ ನಮ್ಮ ದೇಶದ ಕೊಡುಗೆ ಚಿಕ್ಕದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಶ್ರೀಗಂಧದ ಕುಡಿಯ ತುಂಡಿನಿಂದ ಕ್ಯಾಲಸ್ ಬೆಳೆಸಿ, ಅದರಿಂದ ಭ್ರೂಣಗಳನ್ನು, ಭ್ರೂಣದಿಂದ ಪುಟ್ಟ ಗಿಡಗಳನ್ನು ಪಡೆದು 1979ರಲ್ಲಿ ಪ್ರಕಟಿಸಿದರು. ಹೂವಿಲ್ಲ, ಪರಾಗವಿಲ್ಲ, ಆದರೂ ಬೀಜದೊಳಗೆ ಇರುವಂಥದೇ ಭ್ರೂಣ! ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ನೂರು ವರ್ಷದ ತೇಗದ ಮರದ ಮೊಗ್ಗುಗಳಿಂದ ಗಿಡ ಮಾಡಿದ್ದನ್ನು 1980ರಲ್ಲಿ ವರದಿ ಮಾಡಿದರು. ಮುದಿ ಮರ ಒಲಿಯುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ, ಅದನ್ನು ಒಲಿಸಿಕೊಂಡದ್ದು ಅವರ ಸಾಧನೆ. ಹಾಗೆಂದು ಇಂದು ಶ್ರೀಗಂಧದ ತೋಟಗಳೆಲ್ಲ ಬಾಟಲಿಯಿಂದ ಬಂದಿವೆ ಎಂದು ತಿಳಿಯಬೇಡಿ. ಅವು ಹೆಚ್ಚಾಗಿ ಬೀಜದ ಸಸಿಗಳೇ. ಪ್ರಯೋಗಾಲಯದಲ್ಲಿ ಆದದ್ದು ಕಡಿಮೆ ಬೆಲೆಗೆ ಹೊಲಕ್ಕೆ ಬರುವುದು ಬೇರೆಯೇ ಕೆಲಸ.

ದಾಳಿಂಬೆಯಲ್ಲಿ ಅದು ಹೊಲಕ್ಕೆ ಬಂದಿದೆ. ಈಗ ‘ಭಗವಾ’ ತಳಿಯ ಟಿಶ್ಯೂ ಸಸಿಗಳನ್ನು ರೈತರು ನೆಡುತ್ತಿದ್ದಾರೆ. ದಾಳಿಂಬೆಗೆಂದೇ 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಆರಂಭವಾಯಿತು. ಇಲ್ಲಿ ಒಂದು ಮಾತನ್ನು ಮನೆಯಲ್ಲಿ ಹಿರಿಯರಿಗೂ ಹೇಳಿ. ರೋಗವಿಲ್ಲದ ಸಸಿ ಬೇರೆ, ರೋಗ ತಗಲದ ಸಸಿ ಬೇರೆ. ಟಿಶ್ಯೂ ಸಸಿ ಬಾಟಲಿಯಿಂದ ಬರುವಾಗ ದುಂಡಾಣುವಿಲ್ಲದೆ ಬರುತ್ತದೆ. ಪಕ್ಕದ ತೋಟದಲ್ಲಿ ರೋಗವಿದ್ದರೆ ಮಳೆಯ ಹನಿ, ಗಾಳಿ, ಕತ್ತರಿ ಇವುಗಳ ಮೂಲಕ ಅದಕ್ಕೂ ರೋಗ ಬರುತ್ತದೆ. ಎಲ್ಲ ಗಿಡಗಳೂ ಒಂದೇ ಗಿಡದ ಪಡಿಯಚ್ಚಾದ್ದರಿಂದ ಒಂದಕ್ಕೆ ತಡೆಯುವ ಶಕ್ತಿಯಿಲ್ಲದಿದ್ದರೆ ಯಾವುದಕ್ಕೂ ಇಲ್ಲ. ಮಧ್ಯ ಅಮೆರಿಕದ ಗ್ರೋ ಮಿಶೆಲ್ ಎಂಬ ಬಾಳೆ ಒಂದು ಕಾಲದಲ್ಲಿ ಹೊರದೇಶಗಳಿಗೆ ಹೋಗುವ ಮುಖ್ಯ ಬಾಳೆಯಾಗಿತ್ತು. ಪನಾಮಾ ರೋಗ ಬಂದು 1960ರ ದಶಕದ ಹೊತ್ತಿಗೆ ಅದರ ವ್ಯಾಪಾರವೇ ನಿಂತುಹೋಯಿತು.

ಬಾಟಲಿಯಿಂದ ಬಿಸಿಲಿಗೆ

ಬಾಟಲಿಯ ಗಿಡ ಮುದ್ದಿನಿಂದ ಬೆಳೆದ ಮಗುವಿದ್ದಂತೆ. ಒಳಗೆ ಗಾಳಿಯ ತುಂಬ ತೇವ. ಎಲೆಗೆ ನೀರು ಕಳೆದುಕೊಳ್ಳುವ ಭಯವಿಲ್ಲ, ಆದ್ದರಿಂದ ಎಲೆಯ ಮೇಲೆ ಮೇಣದ ಪದರ ತೆಳು. ಎಲೆಯ ಉಸಿರಾಟದ ರಂಧ್ರಗಳಿಗೆ ಸರಿಯಾಗಿ ಮುಚ್ಚಿಕೊಳ್ಳುವ ಅಭ್ಯಾಸವೂ ಇಲ್ಲ. ಇಂಥ ಗಿಡವನ್ನು ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಗಾಳಿಗೆ ಇಟ್ಟರೆ ನೋಡನೋಡುತ್ತಿದ್ದಂತೆ ಬಾಡಿಹೋಗುತ್ತದೆ. ಅದಕ್ಕಾಗಿ ಮೊದಲು ಪ್ಲಾಸ್ಟಿಕ್ ಹೊದಿಕೆಯ ತೇವದ ಮನೆ, ಆಮೇಲೆ ಹಸಿರು ಪರದೆಯ ನೆರಳು, ಆಮೇಲೆ ಸ್ವಲ್ಪ ಸ್ವಲ್ಪ ಬಿಸಿಲು. ಹೀಗೆ ವಾರಗಟ್ಟಲೆ ಒಗ್ಗಿಸುತ್ತಾರೆ. ನನ್ನನ್ನು ಕೇಳಿದರೆ ಅಂಗಾಂಶ ಕೃಷಿಯ ಕಷ್ಟದ ಭಾಗ ಬಾಟಲಿಯೊಳಗೆ ಇಲ್ಲ, ಇಲ್ಲಿದೆ.

ಒಣಭೂಮಿಯಲ್ಲಿ ಇನ್ನೊಂದು ಪ್ರಶ್ನೆ ಬೇರಿನದು. ಬೇವು, ಹೊಂಗೆಯ ಬೀಜ ಬಿತ್ತಿದರೆ ಮೊದಲು ಇಳಿಯುವುದು ತಾಯಿಬೇರು. ಮೇಲೆ ನಾಲ್ಕು ಎಲೆ ಬರುವಷ್ಟರಲ್ಲಿ ಕೆಳಗೆ ಅದಕ್ಕಿಂತ ಉದ್ದದ ಬೇರು ತೇವ ಹುಡುಕಿಕೊಂಡು ನೇರ ಇಳಿದಿರುತ್ತದೆ. ಕಡ್ಡಿಯಲ್ಲಿ ತಾಯಿಬೇರು ಇರುವುದಿಲ್ಲ. ಬುಡದ ಸುತ್ತ ನಾಲ್ಕಾರು ಬೇರುಗಳು ಹರಡುತ್ತವೆ. ಹನಿ ನೀರಾವರಿ ಇರುವ ಅಂಜೂರದ ತೋಟಕ್ಕೆ ಅಷ್ಟು ಸಾಕು. ನೀರು ಕೊಡುವವರಿಲ್ಲದ ಗುಡ್ಡದ ಬುಡದಲ್ಲಿ ಅಷ್ಟು ಸಾಲದು.

ಯಾರ ನೆರವೂ ಬೇಡದೆ ನಮ್ಮ ಬಯಲನ್ನೆಲ್ಲ ಆವರಿಸಿಕೊಂಡ ಬಳ್ಳಾರಿ ಜಾಲಿಯನ್ನೇ ನೋಡಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಗಿಡ. ಕುರಿ ಮೇಕೆಗಳು ಕಾಯಿ ತಿಂದು ಹಿಕ್ಕೆಯ ಜೊತೆ ಬೀಜ ಹಾಕುತ್ತವೆ, ಅದು ಬೇರನ್ನು ಆಳಕ್ಕೆ ಇಳಿಸಿ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಇದರ ಬಳಗದ ಮೆಸ್ಕೀಟ್ ಮರದ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 50 ಮೀಟರಿಗಿಂತ ಆಳದಲ್ಲಿ ಸಿಕ್ಕಿದ್ದು 1963ರಲ್ಲಿ ವರದಿಯಾಗಿದೆ. ಜಾಲಿ ಬೇರೆ ಗಿಡಗಳಿಗೆ ಜಾಗ ಬಿಡುವುದಿಲ್ಲ ಎಂಬ ದೂರು ಇದ್ದದ್ದೇ. ಒಣನೆಲದಲ್ಲಿ ಬದುಕುವ ಅದರ ಜಾಣತನವನ್ನು ಮಾತ್ರ ಒಪ್ಪಲೇಬೇಕು.

ಆದ್ದರಿಂದ ಯಾವ ದಾರಿ ಮೇಲು ಎಂದು ಕೇಳುವ ಮೊದಲು ಎಲ್ಲಿ ನೆಡುತ್ತೀರಿ ಎಂದು ಕೇಳಬೇಕು. ಕುರುಗೋಡಿನ ಕಲ್ಲುಗುಡ್ಡದ ಅಂಚಿಗೆ ನಾನಾದರೆ ಬೇವು, ಹೊಂಗೆಯ ಬೀಜವನ್ನೇ ಆರಿಸುತ್ತೇನೆ. ನೂರು ಸಸಿಗಳಲ್ಲಿ ನೂರು ಬಗೆ ಇರುವುದರಿಂದ ಬರಗಾಲಕ್ಕೋ ರೋಗಕ್ಕೋ ಕೆಲವು ಸತ್ತರೂ ಕೆಲವು ಉಳಿಯುತ್ತವೆ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪದ ಹೊಲದ ಬದುವಿಗೆ ಗ್ಲಿರಿಸೀಡಿಯಾದ ಟೊಂಗೆ ಸಾಕು. ಅದರ ಸೊಪ್ಪು ಗೊಬ್ಬರಕ್ಕಾಗುತ್ತದೆ. ಬಳ್ಳಾರಿಯ ಅಂಗಡಿ ಬೀದಿಗೆ ಒಂದೇ ಗಾತ್ರದ, ಒಂದೇ ರುಚಿಯ ಅಂಜೂರ, ದಾಳಿಂಬೆ ಕಳಿಸಬೇಕೆನ್ನುವವರಿಗೆ ಕಡ್ಡಿಯೋ ಬಾಟಲಿಯೋ ಬೇಕು.

ನೀವೇ ಮಾಡಿ ನೋಡಿ

ಮುಂಗಾರು ಹಿಡಿದ ಮೇಲೆ, ಶಿಕ್ಷಕರ ಸಹಾಯದಿಂದ ಈ ಪ್ರಯೋಗ ಮಾಡಿ. ಹಾಲಿನ ಖಾಲಿ ಪ್ಯಾಕೆಟ್ ಅಥವಾ ನರ್ಸರಿ ಚೀಲ 50 ಬೇಕು. ದಾಸವಾಳ, ಗ್ಲಿರಿಸೀಡಿಯಾ, ಬೇವು ಈ ಮೂರರ ತಲಾ 10 ಕಡ್ಡಿ ನೆಡಿ. ಇನ್ನೂ 10 ಗ್ಲಿರಿಸೀಡಿಯಾ ಕಡ್ಡಿಗಳನ್ನು ತಲೆಕೆಳಗಾಗಿ ನೆಡಿ. ಉಳಿದ 10 ಚೀಲಗಳಲ್ಲಿ ಆಗತಾನೆ ಮರದಿಂದ ಬಿದ್ದ ಬೇವಿನ ಬೀಜವನ್ನು ಸಿಪ್ಪೆ ತೊಳೆದು ಬಿತ್ತಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಳೆಯ ಬೀಜ ಬೇಡ. ನುಗ್ಗೆ ನೆಡಬೇಕೆಂದರೆ ಹೆಬ್ಬೆರಳಿಗಿಂತ ದಪ್ಪನೆಯ ಟೊಂಗೆ ತೆಗೆದುಕೊಂಡು ನೇರ ನೆಲಕ್ಕೆ ನೆಡಿ, ಚೀಲದಲ್ಲಿ ಬೇಡ.

ಎಲ್ಲ ಚೀಲಗಳನ್ನೂ ಒಂದೇ ನೆರಳಿನಲ್ಲಿಡಿ, ಒಂದೇ ಅಳತೆಯ ನೀರು ಹಾಕಿ. ಇಲ್ಲವಾದರೆ ವ್ಯತ್ಯಾಸ ಗಿಡದಿಂದ ಬಂತೋ ನೀರಿನಿಂದ ಬಂತೋ ತಿಳಿಯುವುದಿಲ್ಲ. ಪ್ರತಿ ಸೋಮವಾರ ಚಿಗುರಿದವು ಎಷ್ಟು, ಬಾಡಿದವು ಎಷ್ಟು ಎಂದು ಪುಸ್ತಕದಲ್ಲಿ ಬರೆಯಿರಿ. ಯಾರೂ ಕಡ್ಡಿ ಎಳೆದು ನೋಡುವಂತಿಲ್ಲ.

45ನೆಯ ದಿನ ಪ್ರತಿ ಗುಂಪಿನಿಂದ ಎರಡೆರಡು ಚೀಲ ತೆಗೆದುಕೊಂಡು ಬಕೆಟ್ ನೀರಿನಲ್ಲಿ ಮುಳುಗಿಸಿ, ಮಣ್ಣು ತಾನಾಗಿ ಕರಗಲು ಬಿಡಿ. ಬೇರು ಬಂದಿದ್ದರೆ ಕಡ್ಡಿಯ ಯಾವ ತುದಿಯಿಂದ ಬಂದಿದೆ, ಬೇವಿನ ಬೀಜದ ಬೇರು ಹೇಗಿದೆ ಎಂದು ಅಳೆದು ಚಿತ್ರ ಬರೆಯಿರಿ. ಚಿತ್ರ ಮುಗಿದ ಕೂಡಲೇ, ಬೇರು ಒಣಗುವ ಮೊದಲೇ, ಅವುಗಳನ್ನು ಮತ್ತೆ ಮಣ್ಣಿಗೆ ಸೇರಿಸಿ ಸಂಜೆಯ ತಂಪಿನಲ್ಲಿ ನೀರು ಹಾಕಿ.